ಬೀಡಿಗೆ ಆಯುರ್ವೇದದ ಆಶ್ರಯವಿಲ್ಲ

ಬೀಡಿ ಬಿಡಿರೆಂದು ಹೇಳಿದಾಗ ಕೆಲವರು, "ಧೂಮಪಾನ ಆಯುರ್ವೇದದಲ್ಲಿಯೇ ಇದೆಯಲ್ಲವೇ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಚರಕಸಂಹಿತೆಯಲ್ಲಿ ಧೂಮಪಾನದ ವಿವರಣೆ ಇರುವುದು ನಿಜ. ಆದರೆ ಅದು ಔಷಧಿದ್ರವ್ಯಗಳ ಬತ್ತಿಯಿಂದ, ಕಾಲ ಹಾಗೂ ಪ್ರಮಾಣಗಳನ್ನು ಗೊತ್ತುಪಡಿಸಿ ಮಾಡಿಸುವ ಚಿಕಿತ್ಸೆ. ಅತಿಯಾದರೆ ಆಗುವ ಹಾನಿಯನ್ನೂ ಅದೇ ಗ್ರಂಥ ತಿಳಿಸುತ್ತದೆ. ತಂಬಾಕು ಅಲ್ಲಿಲ್ಲ. ಅಮೆರಿಕ ಖಂಡದ ಆ ಸಸ್ಯವನ್ನು ಶತಮಾನಗಳ ನಂತರ ಈ ದೇಶಕ್ಕೆ ತಂದವರು ಪೋರ್ಚುಗೀಸರು. ಆದ್ದರಿಂದ ಚಟಕ್ಕೆ ಶಾಸ್ತ್ರದ ಹೆಸರನ್ನು ಎಳೆದು ತರುವುದು ತರವಲ್ಲ. 'ಗಿಡಮೂಲಿಕೆಯ ಸಿಗರೇಟು' ಎಂಬುದನ್ನೂ ನಾನು ಒಪ್ಪಲಾರೆ. ಯಾವ ಎಲೆ ಸುಟ್ಟರೂ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಹುಟ್ಟಿಯೇ ತೀರುತ್ತವೆ. ಬೀಡಿ ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆಯೂ ತಪ್ಪು.

ಬಿಟ್ಟರೆ ದೊರೆಯುವ ಲಾಭವನ್ನು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 40 ರೂಪಾಯಿ ಖರ್ಚಾಗುತ್ತದೆಂದು ಇಟ್ಟುಕೊಂಡರೆ ವರ್ಷಕ್ಕೆ 14,600 ರೂಪಾಯಿ. ಕಾಯಕದಿಂದ ಬಂದ ಈ ಹಣ ಮಗಳ ಕಾಲೇಜಿನ ಶುಲ್ಕಕ್ಕಾದೀತು, ಹೊಲದ ಬೀಜ ಗೊಬ್ಬರಕ್ಕಾದೀತು. ದಿನಕ್ಕೆ ಹತ್ತು ಸಲ, ಸಲಕ್ಕೆ ಆರು ನಿಮಿಷವೆಂದರೆ ನಿತ್ಯ ಒಂದು ಗಂಟೆ. ವರ್ಷಕ್ಕೆ 365 ಗಂಟೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಇದು 45 ದಿನಗಳಿಗೂ ಹೆಚ್ಚು.

ದೇಹವಂತೂ ಕಾಯುತ್ತಲೇ ಇರುತ್ತದೆ. ಬಿಟ್ಟ 20 ನಿಮಿಷಗಳಲ್ಲಿಯೇ ಏರಿದ್ದ ನಾಡಿಬಡಿತ ಇಳಿಯತೊಡಗುತ್ತದೆ. ತಿಂಗಳುಗಳು ಕಳೆದಂತೆ ಕೆಮ್ಮು, ದಮ್ಮು ತಗ್ಗುತ್ತವೆ. ಒಂದು ವರ್ಷದಲ್ಲಿ, ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಅರವತ್ತು ದಾಟಿದವರಿಗೂ ಬಿಡುವುದರಿಂದ ಪ್ರಯೋಜನ ಉಂಟು. ಆ ಹೊಗೆಯನ್ನು ಸೇವಿಸುತ್ತಿದ್ದ ಮಡದಿ ಮಕ್ಕಳಿಗೂ ಅದು ರಕ್ಷಣೆ.

ಬಿಡುವುದು ಸುಲಭವೆಂದು ನಾನು ಹೇಳುವುದಿಲ್ಲ. ಮೊದಲ ಕೆಲವು ದಿನ ಸಿಟ್ಟು, ನಿದ್ರಾಭಂಗ, ಮಲಬದ್ಧತೆ ಕಾಡಬಹುದು. ಅಹಿತವಾದ ಅಭ್ಯಾಸವನ್ನು ಪಾಲುಪಾಲಾಗಿ ತೊರೆದು, ಆ ಸ್ಥಾನದಲ್ಲಿ ಹಿತವಾದುದನ್ನು ರೂಢಿಸಿಕೊಳ್ಳುವ ಕ್ರಮವನ್ನು ಚರಕರೇ ಬೋಧಿಸಿದ್ದಾರೆ. ಒಮ್ಮೆಗೇ ಬಿಡಬಲ್ಲವರು ಹಾಗೆಯೇ ಬಿಡಲಿ. ಆಗದವರು ಎಣಿಕೆಯನ್ನು ಇಳಿಸುತ್ತಾ ಪೂರ್ಣವಾಗಿ ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಸೇದಬೇಕೆಂಬ ಸೆಳೆತ ಬರುವುದು ಕೆಲವೇ ನಿಮಿಷ. ಆಗ ಬಿಸಿನೀರು ಕುಡಿಯಿರಿ, ಏಲಕ್ಕಿ ಅಥವಾ ಸೋಂಪು ಅಗಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಬೀಡಿಯ ಬದಲು ಗುಟ್ಕಾ ಹಿಡಿಯಬೇಡಿರಿ. ಅಗತ್ಯವೆನಿಸಿದರೆ ವೈದ್ಯರನ್ನು ಕಾಣಿರಿ. 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯೂ ಇದೆ.

ಮನೆಯವರಿಗೆ ನನ್ನ ವಿನಂತಿ ಒಂದೇ: ಬಿಡಲು ಹೊರಟವರು ನಡುವೆ ಒಮ್ಮೆ ಎಡವಿದರೆ ಹಂಗಿಸಬೇಡಿರಿ, ಮರುದಿನ ಮತ್ತೆ ಆರಂಭಿಸಲು ಜೊತೆಯಾಗಿರಿ. ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸುವ ರೂಢಿಯನ್ನಾದರೂ ಇಂದೇ ನಿಲ್ಲಿಸಿರಿ.