ಮಡ್ಡಿ ನೆಲದಲ್ಲಿ ಮೊದಲ ಮಡಿ

ನಮ್ಮ ಕಡೆ ಮಡ್ಡಿ ಎಂದರೆ ಎತ್ತರದ, ಗಟ್ಟಿಯಾದ, ಕಲ್ಲು-ಗರಸಿನ ನೆಲ. ಧಾರವಾಡದ ನಮ್ಮ ಮಾಳಮಡ್ಡಿಯ ಹೆಸರಿನಲ್ಲೇ ಅದು ಕೂತಿದೆ. ಹಿತ್ತಲಲ್ಲಿ ಗುದ್ದಲಿ ಹಾಕಿದರೆ ಠಣ್ ಎಂದು ಕಲ್ಲು ಉತ್ತರ ಕೊಡುತ್ತದೆ. "ಇಲ್ಲೇನ್ ಬೆಳೀತದ ಬಿಡ್ರಿ" ಎಂದು ಎಷ್ಟೋ ಮನೆಯವರು ಹಿತ್ತಲಿಗೂ ಫರಶಿ ಹಾಸಿಬಿಟ್ಟರು. ಇನ್ನೂ ಒಂದು ಚಾಪೆಯಷ್ಟು ಮಣ್ಣು ಉಳಿದಿರುವ ಮನೆಯ ಮಕ್ಕಳಿಗೂ ಅಜ್ಜ-ಅಜ್ಜಿಯರಿಗೂ ಈ ವಾರದ ಮಾತು.

ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನು ನಾನು. ಖಾತೆಗೆ ಜಮಾ ಮಾಡದೆ ಚೆಕ್ ಬರೆದರೆ ಅದು ವಾಪಸ್ ಬರುತ್ತದೆ. ಮಣ್ಣಿನ ಲೆಕ್ಕವೂ ಅಷ್ಟೇ. ಬೀಜ ಹಾಕುವ ಮೊದಲು ಗೊಬ್ಬರ ಜಮಾ ಆಗಿರಬೇಕು. ಜೂನ್ ಎರಡನೇ ವಾರಕ್ಕೆ ಮಿರಗದ ಮಳೆ. ಅಷ್ಟರೊಳಗೆ ಮಡಿ ಸಿದ್ಧವಾಗಲಿ.

ಜಾಗ ಆರಿಸುವುದು ಮಕ್ಕಳ ಕೆಲಸ. ರವಿವಾರ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಮತ್ತೆ 3ಕ್ಕೆ ಬಿಸಿಲು ಎಲ್ಲೆಲ್ಲಿ ಬಿದ್ದಿದೆ ಎಂದು ಕಡ್ಡಿ ನೆಟ್ಟು ಗುರುತು ಮಾಡಿ. ಮೂರೂ ಸಲ ಬಿಸಿಲಿದ್ದ ಕಡೆ 3 ಅಡಿ ಅಗಲ, 6 ಅಡಿ ಉದ್ದದ ಒಂದೇ ಮಡಿ ಸಾಕು. ಇಷ್ಟೇ ಅಗಲವಿದ್ದರೆ ಎರಡೂ ಬದಿಯಿಂದ ನಡುವಿನ ತನಕ ಕೈ ಮುಟ್ಟುತ್ತದೆ, ಒಳಗೆ ಕಾಲಿಟ್ಟು ಮಣ್ಣು ತುಳಿಯಬೇಕಾಗಿಲ್ಲ.

ಒಂದು ಅಡಿ ಆಳ ಅಗೆಯುವುದು ರಟ್ಟೆಯಲ್ಲಿ ಕಸುವಿದ್ದವರ ಕೆಲಸ. ಅಜ್ಜ ಗುದ್ದಲಿ ಮುಟ್ಟುವುದು ಬೇಡ. ಮಣೆ ಹಾಕಿಕೊಂಡು ಕೂತು ಕಲ್ಲು ಆರಿಸಲಿ. ಅದೇ ಕಲ್ಲು ಸುತ್ತ ಜೋಡಿಸಿದರೆ ಮಡಿಗೆ ಅಂಚು ಆಯಿತು. ಮಣ್ಣಿಗೆ 3 ಬುಟ್ಟಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಕಳಿತದ್ದೆಂದರೆ ಕಪ್ಪಗೆ, ಪುಡಿಪುಡಿಯಾಗಿ, ಸೆಗಣಿಯ ವಾಸನೆ ಹೋಗಿರುವುದು. ಹಸಿ ಸೆಗಣಿ ಹಾಕಿದರೆ ಗೆದ್ದಲು ಹಿಡಿಯುತ್ತದೆ. ಮಡಿ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರವಿರಲಿ. ಜುಲೈ ಜಡಿಮಳೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನೀರು ಚಿಮುಕಿಸಿ ಒಂದು ವಾರ ಬಿಡಿ.

ಮೊದಲ ಬೀಜಕ್ಕೆ ಅಂಗಡಿಗೆ ಹೋಗುವುದು ಬೇಡ. ಅಡುಗೆಮನೆಯ ಡಬ್ಬಿಯಲ್ಲಿ ಮೆಂತೆ ಇದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಾಲಾಗಿ ಉದುರಿಸಿ, ಅರ್ಧ ಇಂಚು ಮಣ್ಣು ಮುಚ್ಚಿ. ನಾಲ್ಕೈದು ದಿನಕ್ಕೆ ತಲೆ ಎತ್ತುತ್ತದೆ, ತಿಂಗಳೊಪ್ಪತ್ತಿನಲ್ಲಿ ಪಲ್ಯಕ್ಕೆ ಬರುತ್ತದೆ. ಆಗ ಕೀಳಬೇಡಿ, ಕತ್ತರಿಸಿ. ಮೆಂತೆಯ ಬೇರಿನ ಸಣ್ಣ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡುತ್ತವೆ. ಬೇರು ಮಣ್ಣಲ್ಲೇ ಉಳಿದರೆ ಅದು ನಿಮ್ಮ ಠೇವಣಿಗೆ ಬಂದ ಬಡ್ಡಿ.

ಪಕ್ಕದ ಸಾಲಿಗೆ ಕೊತ್ತಂಬರಿ. ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಇದು ನಿಧಾನಸ್ಥ, ಮೊಳೆಯಲು 10-15 ದಿನ ಬೇಕು. ಐದನೇ ದಿನಕ್ಕೇ "ಅಜ್ಜಾ, ಇನ್ನೂ ಯಾಕ ಬಂದಿಲ್ಲ?" ಎಂದು ಮೊಮ್ಮಗ ಬೆರಳು ಹಾಕಿ ಕೆದರುತ್ತಾನೆ. ಕೆದರಿದರೆ ಮೊಳಕೆ ಮುರಿಯುತ್ತದೆ. ಹಿರಿಯರೇ, ಆಗ ಗದರಬೇಡಿ. "ಮೆಂತೆ ಬಂದದಲ್ಲ, ಅದಕ್ಕ ನೀರು ಹಾಕೋಣ ಬಾ" ಅನ್ನಿ.

ಕೊನೆಯ ಸಾಲಿಗೆ ಅಡಿಗೊಂದರಂತೆ ಬೆಂಡೆ ಬೀಜ. ಸುಮಾರು 50 ದಿನಕ್ಕೆ ಕಾಯಿ.

ನೀರು ಹಾಕುವ ಮೊದಲು ಮಡಿಯ ಅಂಚಿನಲ್ಲಿ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ. ಒದ್ದೆಯಿದ್ದರೆ ಇವತ್ತು ಬೇಡ. ನಳದ ನೀರು ಬರದ ದಿನ ಅಕ್ಕಿ, ಕಾಯಿಪಲ್ಯ ತೊಳೆದ ನೀರೇ ಸಾಕು.

ನಮ್ಮೂರಿನ ಎತ್ತಿನಗುಡ್ಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಕೃಷಿ ಮೇಳ ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಮಡಿ ಮಾಡಿದವರಿಗೆ ಕೇಳಲು ಸ್ವಂತ ಪ್ರಶ್ನೆಗಳಿರುತ್ತವೆ.

ಮಕ್ಕಳೇ, ಹಳೆಯ ನೋಟಬುಕ್ಕೊಂದನ್ನು ಪಾಸ್‌ಬುಕ್ ಮಾಡಿಕೊಳ್ಳಿ. ಬಿತ್ತಿದ್ದು, ಮೊಳೆತದ್ದು, ಕೊಯ್ದದ್ದು, ಎಲ್ಲಕ್ಕೂ ತಾರೀಖು ಹಾಕಿ. ಮೊದಲ ತಿಂಗಳ ಜಮಾ ಒಂದೇ ಸೂಡು ಮೆಂತೆ ಇರಬಹುದು. ಇರಲಿ. ಒಂದು ಹೊತ್ತಿನ ಪಲ್ಯ ಕೊಟ್ಟ ನೆಲಕ್ಕೆ ಫರಶಿ ಹಾಸೋಣ ಎಂದು ಮನೆಯಲ್ಲಿ ಯಾರಿಗೂ ಸುಲಭಕ್ಕೆ ಬಾಯಿ ಬರಲಾರದು.