ಓಡಿದರೆ ಹೋಗುವ ಮರ್ಯಾದೆ

ಬೆಂಗಳೂರಿನಲ್ಲಿ ನಡೆದ ಮ್ಯಾರಥಾನ್ ಓಟದಲ್ಲಿ ನಮ್ಮ ಚನ್ನಪಟ್ಟಣದ ಹುಡುಗಿಯೊಬ್ಬಳು 42 ಕಿಲೋಮೀಟರ್ ಓಡಿ ಮುಗಿಸಿದಳು. ಅದು ಅವಳ ಮೊದಲ ಮ್ಯಾರಥಾನ್. ಐದೂವರೆ ಗಂಟೆ ಹಿಡಿಯಿತು. ಬಹುಮಾನವೇನೂ ಬರಲಿಲ್ಲ. ಓಡಿ ಮುಗಿಸಿದ ಎಲ್ಲರಿಗೂ ಕೊಡುವ ಪದಕ ಸಿಕ್ಕಿತು, ಕಾಲಿನ ಎರಡು ಉಗುರು ಕಪ್ಪಾದವು, ಅಷ್ಟೆ. ತಲೆಗೆ ಸ್ಕಾರ್ಫ್ ಕಟ್ಟಿ, ತುಂಬುತೋಳಿನ ಅಂಗಿ, ಸಡಿಲ ಪ್ಯಾಂಟ್ ತೊಟ್ಟು ಓಡುತ್ತಿದ್ದ ಅವಳ ಚಿತ್ರವನ್ನು ಯಾರೋ ಮೊಹಲ್ಲಾದ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದು ವಾರದೊಳಗೆ ಅವಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು.

ಆ ಮನೆಗೆ ಬುದ್ಧಿ ಹೇಳಲು ಹೋದ ನಾಲ್ವರು ಹಿರಿಯರಲ್ಲಿ ನಾನೂ ಒಬ್ಬ. ‘ನೀವೂ ಬನ್ನಿ, ನಾಲ್ಕಕ್ಷರ ಓದಿದವರು’ ಎಂದು ಕರೆದುಕೊಂಡು ಹೋಗಿದ್ದರು. ಹುಡುಗಿಯ ತಂದೆ ಚಹಾ ತಂದಿಟ್ಟು ತಲೆ ತಗ್ಗಿಸಿ ಕುಳಿತರು. ‘ಭಾಯ್, ಹೆಣ್ಣುಮಗು ರಸ್ತೆಯಲ್ಲಿ ಓಡೋದು ನಮ್ಮ ಖಾನ್‌ದಾನಿಗೆ ಶೋಭೆಯೇ?’ ಎಂದು ಒಬ್ಬರು ಕೇಳಿದರು. ಅವರು ಉತ್ತರ ಕೊಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಲ್ಲಿ ಹೇಳಬೇಕಾಗಿದ್ದುದನ್ನು ಈಗ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆಕೆ ಮಾಡಿದ್ದೇನು ಎಂಬುದನ್ನು ತಿಳಿಯೋಣ. ಬೆಂಗಳೂರಿನಿಂದ ರಾಮನಗರಕ್ಕೆ ಸುಮಾರು ಐವತ್ತು ಕಿಲೋಮೀಟರ್. ಬೆಂಗಳೂರಿನ ನಡುವಿನಿಂದ ಹೊರಟವರು ಬಿಡದಿ ದಾಟಿ, ರಾಮನಗರ ಇನ್ನೇನು ಬಂತು ಎನ್ನುವಷ್ಟು ದೂರವನ್ನು ಒಂದೇ ಸಮನೆ ಓಡಿದರೆ ಅದು ಒಂದು ಮ್ಯಾರಥಾನ್. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತಾ ಬರುತ್ತದೆ. ಅಲ್ಲಿಂದ ಮುಂದೆ ಕಾಲು ಸೀಸದಷ್ಟು ಭಾರ. ಹಾಗಾಗಿ ತಿಂಗಳುಗಟ್ಟಲೆ ದೇಹವನ್ನು ಪಳಗಿಸದೆ ಯಾರೂ ಇದಕ್ಕೆ ಇಳಿಯುವಂತಿಲ್ಲ. ಈ ಹುಡುಗಿ ಐದು ತಿಂಗಳು ಫಜರ್ ನಮಾಝ್ ಮುಗಿಸಿ, ಹಳೆಯ ಬೆಂಗಳೂರು-ಮೈಸೂರು ರಸ್ತೆಯಲ್ಲಿ ಕೆಂಗಲ್ ಆಂಜನೇಯನ ಗುಡಿಯವರೆಗೆ ಓಡಿ ಹಿಂದಿರುಗುತ್ತಿದ್ದಳು. ಭಾನುವಾರಗಳಂದು ಅದೇ ದಾರಿಯನ್ನು ಎರಡು ಸಲ, ಮೂರು ಸಲ. ತಂದೆ ಸ್ಕೂಟರಿನಲ್ಲಿ ನೀರಿನ ಬಾಟಲಿ, ಖರ್ಜೂರ ಇಟ್ಟುಕೊಂಡು ಹಿಂದೆ ಬರುತ್ತಿದ್ದರು. ಗುಡಿಯ ಮುಂದೆ ಹೂ ಮಾರುವ ಅಜ್ಜಿ ‘ಹುಷಾರು ಕಣವ್ವ, ಲಾರಿ ಬತ್ತವೆ’ ಎಂದಿದ್ದಳಂತೆ. ಅವಳ ತಲೆಯ ಮೇಲಿನ ಬಟ್ಟೆ ನೋಡಿ ಆ ಅಜ್ಜಿ ಬೇರೇನನ್ನೂ ಕೇಳಲಿಲ್ಲ. ಕೇಳಿದವರು ನಾವು.

ನಮ್ಮ ಹಿರಿಯರ ಮಾತಿನಲ್ಲಿ ಮೂರು ಆಕ್ಷೇಪಗಳಿದ್ದವು. ಇದು ದೀನಿಗೆ ವಿರುದ್ಧ ಎಂಬುದು ಒಂದು. ಹೆಣ್ಣು ಹೀಗೆ ಹೊರಬಿದ್ದರೆ ಮರ್ಯಾದೆ ಉಳಿಯದು ಎಂಬುದು ಎರಡನೆಯದು. ಇದರಿಂದ ಪ್ರಯೋಜನವಾದರೂ ಏನು ಎಂಬುದು ಮೂರನೆಯದು. ಮೂರನ್ನೂ ಒಂದೊಂದಾಗಿ ನೋಡೋಣ.

ದೀನಿನ ಮಾತು ಎತ್ತಿದವರು ಹಜ್ ಮುಗಿಸಿ ಬಂದವರು. ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆದು ಬಂದವರು. ಅದು ಯಾರ ಹೆಜ್ಜೆ? ಮರುಭೂಮಿಯಲ್ಲಿ ಹಸುಗೂಸಿನ ಬಾಯಿಗೆ ಒಂದು ಹನಿ ನೀರಿಗಾಗಿ ಒಬ್ಬಂಟಿಯಾಗಿ ಅತ್ತಿಂದಿತ್ತ ಓಡಿದ ಹಝ್ರತ್ ಹಾಜಿರಾರ ಹೆಜ್ಜೆ. ಹಸಿರು ದೀಪಗಳ ಗುರುತಿರುವ ಭಾಗದಲ್ಲಿ ಗಂಡಸರು ಇಂದಿಗೂ ಓಡುನಡಿಗೆಯಲ್ಲಿ ಸಾಗುತ್ತಾರೆ. ಹೆಂಗಸರು ಅಲ್ಲಿ ನಡೆದರೆ ಸಾಕೆಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ, ನಿಜ. ಆದರೆ ಗಂಡಸರು ಅಲ್ಲಿ ಅನುಸರಿಸುವುದು ಒಬ್ಬ ಹೆಣ್ಣಿನ ಓಟವನ್ನೇ. ಒಬ್ಬ ತಾಯಿಯ ಓಟವನ್ನು ಆರಾಧನೆಯ ಭಾಗವನ್ನಾಗಿ ಉಳಿಸಿಕೊಂಡ ಧರ್ಮದ ಹೆಸರಿನಲ್ಲಿ, ಓಡುವುದೇ ಹೆಣ್ಣಿಗೆ ಲಕ್ಷಣವಲ್ಲ ಎಂದು ಹೇಳಲು ನಮಗೆ ನಾಲಗೆ ಹೇಗೆ ಬರುತ್ತದೆ?

ಪ್ರವಾದಿ(ಸ)ಯವರು ಪ್ರಯಾಣವೊಂದರಲ್ಲಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು, ಮೊದಲ ಸಲ ಆಯಿಶಾ ಗೆದ್ದದ್ದು, ಮುಂದೊಮ್ಮೆ ಪ್ರವಾದಿಯವರು ಗೆದ್ದು ಅಂದಿನದಕ್ಕೆ ಇದು ಸರಿಹೋಯಿತೆಂದು ನಗೆಯಾಡಿದ್ದು ಅಬೂದಾವೂದ್ ಸಂಗ್ರಹದಲ್ಲಿಯೇ ಇದೆ. ಸಂಗಡಿಗರನ್ನು ಮುಂದೆ ಹೋಗಲು ಹೇಳಿ ಆಮೇಲೆ ಓಡಿದರು ಎಂದು ಕೆಲವು ವರದಿಗಳಲ್ಲಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಒಪ್ಪೋಣ. ಹಾಗಾದರೆ ಅದರಿಂದ ಬರುವ ಪಾಠ ಯಾವುದು? ಓಡಬೇಡ ಎಂದೇ? ಅಲ್ಲ. ಹೆಣ್ಣು ನಿರಾಳವಾಗಿ ಓಡಲು ಜಾಗ ಮಾಡಿಕೊಡಿ ಎಂಬುದು ಪಾಠ. ಆ ಜಾಗ ನಾವು ಎಲ್ಲಿ ಮಾಡಿಕೊಟ್ಟಿದ್ದೇವೆ? ನಮ್ಮ ಊರುಗಳ ಈದ್ಗಾ ಮೈದಾನಗಳು ವರ್ಷಕ್ಕೆ ಎರಡು ದಿನ ತುಂಬುತ್ತವೆ. ಉಳಿದ ದಿನ ಗಂಡುಹುಡುಗರು ಕ್ರಿಕೆಟ್ ಆಡಿದರೆ ಯಾರ ತಕರಾರೂ ಇಲ್ಲ. ದಿನಕ್ಕೆ ಒಂದು ಗಂಟೆ ಅಂಥ ಮೈದಾನದ ಸುತ್ತ ಹೆಣ್ಣುಮಕ್ಕಳು ಓಡಲಿ ಎಂದು ಯಾವ ಜಮಾಅತ್ ಸಭೆಯಲ್ಲೂ ನಾನು ಕೇಳಿಲ್ಲ. ನಾನೂ ಹೇಳಿಲ್ಲ. ಜಾಗ ಕೊಡದೆ, ರಸ್ತೆಗೆ ಏಕೆ ಬಂದೆ ಎಂದು ಕೇಳುವುದು ಯಾವ ನ್ಯಾಯ?

ಇನ್ನು ಮರ್ಯಾದೆಯ ಮಾತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು ಎಂದು ನಾವು ಹೆಮ್ಮೆಪಡುತ್ತೇವೆ. ಆ ಗೂಡು ನೂಲಾಗುವುದು ಯಾರ ಕೈಯಲ್ಲಿ? ಕುದಿನೀರಿನ ಬಾಣಲೆಗಳ ಮುಂದೆ, ಸತ್ತ ಹುಳುವಿನ ನಾತದಲ್ಲಿ, ಬೆರಳಿನ ಚರ್ಮ ಬಿರಿದು ಸುಲಿದರೂ ಎಳೆ ಹುಡುಕುವ ಹೆಂಗಸರ ಕೈಯಲ್ಲಿ. ಅವರಲ್ಲಿ ನಮ್ಮ ಮೊಹಲ್ಲಾಗಳವರು ಎಷ್ಟೋ ಮಂದಿ. ಬೆಳಕು ಹರಿಯುವ ಮುಂಚೆ ಮನೆ ಬಿಡುತ್ತಾರೆ, ಗಂಡಸರ ನಡುವೆ ದುಡಿಯುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಚನ್ನಪಟ್ಟಣದ ಬಣ್ಣದ ಬೊಂಬೆಗೆ ಅರಗು ಹಚ್ಚುವವರಲ್ಲೂ ಹೆಣ್ಣುಮಕ್ಕಳಿದ್ದಾರೆ. ಗಾರ್ಮೆಂಟ್ಸ್ ಕಾರ್ಖಾನೆಯ ವ್ಯಾನ್ ಹಿಡಿಯಲು ಬೆಳಗಿನ ಜಾವ ಓಡುವವರಿದ್ದಾರೆ. ಹೌದು, ಅವರೂ ಓಡುತ್ತಾರೆ, ಇದೇ ರಸ್ತೆಯಲ್ಲಿ! ವ್ಯಾನ್ ತಪ್ಪಿದರೆ ಸಂಬಳ ಕಡಿತವಾಗುತ್ತದೆಂದು ಓಡುತ್ತಾರೆ. ಅವರನ್ನು ಕಂಡು ಯಾರ ಖಾನ್‌ದಾನಿನ ಮರ್ಯಾದೆಯೂ ಹೋಗಲಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಹೊರತಂದಾಗ ಅದರಲ್ಲಿ ಕರ್ನಾಟಕವೂ ಇತ್ತು. ಆಗ ನಾಲ್ವರು ಹಿರಿಯರು ಸೇರಿ ಯಾರ ಮನೆಗಾದರೂ ಬುದ್ಧಿ ಹೇಳಲು ಹೋಗಿದ್ದು ನನಗೆ ನೆನಪಿಲ್ಲ.

ಹಾಗಾದರೆ ತಕರಾರು ಹೆಣ್ಣು ಹೊರಗೆ ಬರುವುದರ ಬಗ್ಗೆ ಅಲ್ಲ. ಮನೆಗೆ ನಾಲ್ಕು ಕಾಸು ತರಲು ಹೊರಗೆ ಬಂದರೆ ಅವಳು ಮರ್ಯಾದಸ್ಥೆ. ತನಗಾಗಿ, ತನ್ನ ಇಷ್ಟಕ್ಕಾಗಿ ಹೊರಗೆ ಬಂದರೆ ಅಲ್ಲ. ಅವಳ ಬೆವರು ನಮಗೆ ಬೇಕು, ಆ ಬೆವರು ಅವಳದೇ ಆಗುವುದು ಬೇಡ. ನಮ್ಮ ಸಿಟ್ಟಿನ ಬುಡದಲ್ಲಿರುವುದು ಇದು. ಇದಕ್ಕೆ ದೀನಿನ ಬಣ್ಣ ಬಳಿಯುವುದನ್ನು ನಾವು ನಿಲ್ಲಿಸಬೇಕು.

ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರ ಎಂದು ಬೀಗುವವರಿಗೂ ಒಂದು ಮಾತು. 1896ರಲ್ಲಿ ಅಥೆನ್ಸ್‌ನ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದವರು ಸ್ಪಿರಿಡಾನ್ ಲೂಯಿ, ನೀರು ಹೊತ್ತು ಮಾರುತ್ತಿದ್ದ ಬಡವ. ಆ ಕೂಟದಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ. ಸ್ಟಮಾಟಾ ರೆವಿಥಿ ಎಂಬ ಬಡ ತಾಯಿ ಮಾರನೆಯ ದಿನ ಅದೇ ದಾರಿಯನ್ನು ಒಬ್ಬಳೇ ಓಡಿದಳು. ಕ್ರೀಡಾಂಗಣದೊಳಕ್ಕೆ ಆಕೆಯನ್ನು ಬಿಡಲಿಲ್ಲ. 1928ರ ಒಲಿಂಪಿಕ್ಸ್‌ನ ನಂತರ, ಹೆಂಗಸರ ದೇಹ ತಾಳಲಾರದು ಎಂದು 800 ಮೀಟರ್ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರಲ್ಲಿ. 1967ರ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಹಿಂದಿನಿಂದ ಬಂದು ಅವರ ಅಂಗಿಯ ಮೇಲಿನ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ನೋಡಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ನಮ್ಮ ಹಿರಿಯರು ದೀನಿನ ಮಾತೆಂದು ಆಡಿದ್ದು ವಾಸ್ತವದಲ್ಲಿ ಯೂರೋಪು-ಅಮೆರಿಕದ ಗಂಡಸರು ಆಡಿ ಸವೆಸಿ ಬಿಸಾಡಿದ ಮಾತು.

ಆ ದಾರಿಯಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಜೀರಿಯಾದ ಹಸೀಬಾ ಬೂಲ್‌ಮೆರ್ಕಾ ತಮ್ಮ ದೇಶದ ಮತಾಂಧರ ಬೆದರಿಕೆಗಳ ನಡುವೆಯೇ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 1,500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. 2019ರಲ್ಲಿ ಸೂಫಿಯಾ ಖಾನ್ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ 87 ದಿನಗಳಲ್ಲಿ ಓಡಿ ಮುಗಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಇಥಿಯೋಪಿಯಾದಲ್ಲಿ ಹುಟ್ಟಿ ನೆದರ್ಲೆಂಡ್ಸ್ ಪರ ಓಡುವ ಸಿಫಾನ್ ಹಸನ್ ಎರಡು ಕಂಚುಗಳ ಮೇಲೆ ಮ್ಯಾರಥಾನಿನ ಚಿನ್ನವನ್ನೂ 2 ಗಂಟೆ 22 ನಿಮಿಷ 55 ಸೆಕೆಂಡಿನಲ್ಲಿ ಗೆದ್ದರು. ಪದಕ ಸ್ವೀಕರಿಸಲು ಬಂದಾಗ ತಲೆಗೆ ಹಿಜಾಬ್ ಧರಿಸಿದ್ದರು. ಅದೇ ಕೂಟದಲ್ಲಿ ಆತಿಥೇಯ ಫ್ರಾನ್ಸ್ ತನ್ನ ಸ್ವಂತ ಕ್ರೀಡಾಪಟುಗಳಿಗೆ ಹಿಜಾಬ್ ನಿಷೇಧಿಸಿತ್ತು!

ಆದ್ದರಿಂದಲೇ ನಮ್ಮ ಹುಡುಗಿಯ ಬೆನ್ನು ತಟ್ಟಲು ಮುಂದೆ ಬರುವ ಕೆಲವರ ಬಗ್ಗೆಯೂ ನನಗೆ ಎಚ್ಚರವಿದೆ. ಸಂಪ್ರದಾಯದ ಬೇಲಿ ಹಾರಿ ಬಂದ ಮುಸ್ಲಿಂ ಹೆಣ್ಣು ಎಂದು ಅವಳ ಚಿತ್ರ ಹಿಡಿದು ಮೆರೆಸುವವರಲ್ಲಿ ಎಷ್ಟು ಮಂದಿ 2022ರ ಫೆಬ್ರವರಿಯಲ್ಲಿ ಮಾತಾಡಿದರು? ಸಮವಸ್ತ್ರದ ಸರ್ಕಾರಿ ಆದೇಶ ಬಂದು, ತಲೆಯ ಮೇಲಿನ ಇದೇ ತುಂಡು ಬಟ್ಟೆಗಾಗಿ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದಾಗ? ಆ ವರ್ಷದ ಮಾರ್ಚ್ 15ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಸ್ಕಾರ್ಫ್ ಇದೆಯೆಂದು ಕಲಿಯಲು ಬಿಡದವರು, ಸ್ಕಾರ್ಫ್ ಇದ್ದರೂ ಓಡಲು ಬಿಡದವರು: ಇಬ್ಬರಿಗೂ ಬೇಕಾದದ್ದು ಮನೆಯೊಳಗೆ ಕುಳಿತ ಹೆಣ್ಣೇ.

ನಗರದ ಮ್ಯಾರಥಾನ್‌ಗಳೂ ಪ್ರಶ್ನಾತೀತವಲ್ಲ. ಮುಂಬೈಯಲ್ಲಿ 2004ರಲ್ಲಿ, ಬೆಂಗಳೂರಿನಲ್ಲಿ 2008ರ ಹತ್ತು ಕಿಲೋಮೀಟರ್ ಓಟದೊಂದಿಗೆ ಜೋರಾದ ಈ ಓಟದ ಜಾತ್ರೆಯಲ್ಲಿ ಕಂಪನಿಗಳ ಬ್ಯಾನರ್‌ಗಳಿಗೇ ಮೊದಲ ಮಣೆ. ಪ್ರವೇಶ ಶುಲ್ಕ, ಶೂಸು, ಹಿಂದಿನ ರಾತ್ರಿ ತಂಗುವ ಖರ್ಚು ಸೇರಿದರೆ ನೂಲು ತೆಗೆಯುವ ಹೆಂಗಸಿನ ಎಷ್ಟು ದಿನಗಳ ಕೂಲಿಯಾದೀತು ಎಂದು ಲೆಕ್ಕ ಹಾಕಬೇಕಾದದ್ದೇ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಮುಂದೆ ಭಾನುವಾರ ಬೆಳಿಗ್ಗೆ ರಸ್ತೆ ತೆರವು ಮಾಡಿ ಓಡಿಸುತ್ತಾರೆ. ಅವರ ಊರಿನ ಕಡೆಯ ಹುಡುಗಿ ಲಾರಿಗಳಿಗೆ ಹೆದರಿ ರಸ್ತೆಯಂಚಿನ ಮಣ್ಣಿನಲ್ಲಿ ಓಡುತ್ತಾಳೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗಿ ದೂರದ ವಾಹನಗಳು ಅತ್ತ ಹೊರಳಿದ್ದರಿಂದ ಹಳೆಯ ರಸ್ತೆಯಲ್ಲಿ ಇಷ್ಟಾದರೂ ಸಾಧ್ಯವಾಗಿದೆ. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರಿನಲ್ಲಿ ಬೆಂಗಳೂರಾದೆವು, ಹೆಣ್ಣುಮಕ್ಕಳು ಓಡುವ ಜಾಗದಲ್ಲಿ ಆಗಲಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ಆ ಓಟದಲ್ಲಿ ಕಂಪನಿಯ ಮ್ಯಾನೇಜರಿಗೂ ನಮ್ಮ ಹುಡುಗಿಗೂ ದೂರ ಒಂದೇ, ಬಿಸಿಲು ಒಂದೇ. ಹಣವಂತನೆಂದು ಯಾರಿಗೂ ಒಂದು ಕಿಲೋಮೀಟರ್ ರಿಯಾಯಿತಿ ಇಲ್ಲ.

ಕೊನೆಯ ಆಕ್ಷೇಪ: ಪ್ರಯೋಜನವೇನು? ಗಂಡುಹುಡುಗರ ಕ್ರಿಕೆಟ್ಟಿನಿಂದ ಏನು ಪ್ರಯೋಜನ ಎಂದು ಯಾರೂ ಕೇಳುವುದಿಲ್ಲ. ಆದರೂ ಉತ್ತರ ಹೇಳುತ್ತೇನೆ. ಪೊಲೀಸ್ ಇಲಾಖೆಯಲ್ಲಿ ನಮ್ಮವರಿಲ್ಲ, ಗಲಭೆಯಾದಾಗ ನಮ್ಮ ಹೆಂಗಸರ ಅಳಲು ಕೇಳುವ ಹೆಣ್ಣು ಪೇದೆ ನಮ್ಮೊಳಗಿನವಳಲ್ಲ ಎಂದು ಸಭೆ ಸಭೆಯಲ್ಲೂ ಭಾಷಣ ಮಾಡುತ್ತೇವೆ. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಮಹಿಳೆಯರು 400 ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು. ಅಂಗಳ ದಾಟಿ ಓಡದ ಹುಡುಗಿ ಆ ಮೈದಾನಕ್ಕೆ ಯಾವ ಕಾಲಲ್ಲಿ ಹೋಗುತ್ತಾಳೆ? ಮೂವತ್ತು ದಾಟುವುದರೊಳಗೆ ಸಕ್ಕರೆ ಕಾಯಿಲೆ, ಮಂಡಿನೋವು ಎಂದು ಆಸ್ಪತ್ರೆಯ ಸಾಲಿನಲ್ಲಿ ಕೂರುವ ನಮ್ಮ ಹೆಂಗಸರನ್ನು ಕಂಡವರು ಪ್ರಯೋಜನದ ಪ್ರಶ್ನೆ ಎತ್ತಬಾರದು.

ಆದರೆ ಪ್ರಯೋಜನದ ಲೆಕ್ಕ ಒಪ್ಪಿಸಿಯೇ ಅವಳು ಓಡಬೇಕು ಎನ್ನುವುದೂ ತಪ್ಪೇ. ಮೂವತ್ತೈದನೆಯ ಕಿಲೋಮೀಟರಿನಲ್ಲಿ ಏನೆನಿಸಿತು ಎಂದು ನಂತರ ನಾನು ಅವಳನ್ನು ಕೇಳಿದೆ. ‘ಚಾಚಾ, ಅಷ್ಟು ಹೊತ್ತು ನನ್ನನ್ನ ಯಾರೂ ಕೂಗಲಿಲ್ಲ. ನೀರು ತಾ, ಬಾಗಿಲು ತೆಗಿ ಅಂತ ಯಾರೂ ಅನ್ನಲಿಲ್ಲ’ ಎಂದಳು. ಇಪ್ಪತ್ತೆರಡು ವರ್ಷದ ಹುಡುಗಿಗೆ ಐದೂವರೆ ಗಂಟೆ ತನ್ನದೆಂದು ಸಿಗಲು ನಲವತ್ತೆರಡು ಕಿಲೋಮೀಟರ್ ಓಡಬೇಕಾಯಿತು ಎಂಬುದು ನಾವು ನಾಚಬೇಕಾದ ಸಂಗತಿ.

ಮುರಿದ ಸಂಬಂಧವನ್ನು ನಾನು ಕೂಡಿಸಲಾರೆ. ಓಡಿದಳೆಂದು ಬಿಟ್ಟುಹೋಗುವ ಮನೆ ಅವಳಿಗೆ ತಕ್ಕದ್ದೂ ಅಲ್ಲ. ನನ್ನ ಕೈಲಾಗುವುದು ಇಷ್ಟು: ಮುಂದಿನ ಜಮಾಅತ್ ಸಭೆಯಲ್ಲಿ ಎದ್ದು ನಿಂತು, ಈದ್ಗಾ ಮೈದಾನವನ್ನು ಫಜರ್ ನಂತರ ಒಂದು ಗಂಟೆ ಹೆಣ್ಣುಮಕ್ಕಳಿಗೆ ಬಿಟ್ಟುಕೊಡಿ ಎಂದು ಕೇಳುತ್ತೇನೆ. ನೀವೂ ನಿಮ್ಮ ನಿಮ್ಮ ಊರಿನಲ್ಲಿ ಕೇಳಿ. ಆಗದು ಎಂದವರು ಏಕೆ ಆಗದು ಎಂದು ಹೇಳಲಿ. ಆದರೆ ಹಾಗೆ ಹೇಳುವಾಗ ಹಾಜಿರಾರ ಹೆಜ್ಜೆಯ ಮೇಲೆ ಏಳು ಸಲ ನಡೆದು ಬಂದದ್ದನ್ನು ನೆನಪಿಟ್ಟುಕೊಂಡು ಹೇಳಲಿ.