ಕೆಎ-24ರ ಆಲ್ಟೊ ಮಾರೂದಿಲ್ಲ

ಆಫೀಸಿನ ಊಟದ ಟೇಬಲ್ ಮೇಲೆ ಈ ಮಾತು ಬಂದಾಗೆಲ್ಲ ಒಂದೇ ತೀರ್ಪು: "ಮಾರಿಬಿಡೋ ಮಾರಾಯ." ಹದಿನೆಂಟು ವರ್ಷದ ಗಾಡಿ. ರಿಪೇರಿಗೆ ಐವತ್ತು ಸಾವಿರದ ಮೇಲೆ. ಮಾರಿದರೆ ಅರವತ್ತು ಸಾವಿರ ಬಂದರೆ ನಮ್ಮ ಪುಣ್ಯ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಅಂತ ನನ್ನ ಟೀಮಿನ ಹುಡುಗರಿಗೆ ನಿಜವಾಗಲೂ ಅರ್ಥ ಆಗೋದಿಲ್ಲ. ನಾಲ್ಕು ವರ್ಷಕ್ಕೊಂದು ಕಾರು, ಎರಡು ವರ್ಷಕ್ಕೊಂದು ಫೋನು ಬದಲಾಯಿಸೋರಿಗೆ ಅದು ಪ್ರಶ್ನೆಯೇ ಅಲ್ಲ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರೋದು ಆ ತೀರ್ಪನ್ನು ಅವರು "ಲೆಕ್ಕ" ಅಂತ ಕರೆಯೋದರ ಮೇಲೆ. ಅದು ಲೆಕ್ಕ ಅಲ್ಲ ಅಂತ ತೋರಿಸೋಕೆ ಇಷ್ಟು ಬರೀತಿದ್ದೀನಿ.

ಗಾಡಿ ಬಗ್ಗೆ ಮೊದಲು ಹೇಳಿಬಿಡ್ತೀನಿ. 2008ರ ಮಾರ್ಚ್‌ನಲ್ಲಿ ಅಪ್ಪ ಜಿಪಿಎಫ್ ದುಡ್ಡು ತೆಗೆಸಿ ಕೊಂಡ ಆಲ್ಟೊ. 796 ಸಿಸಿ, ಮೂರು ಸಿಲಿಂಡರ್, ಬಿಳಿ ಬಣ್ಣ. ನೋಂದಣಿ ಬೈಲಹೊಂಗಲದ್ದು, ಕೆಎ-24. ಬೈಲಹೊಂಗಲದಿಂದ ಕಿತ್ತೂರಿನ ಕಡೆ ಹೋಗೋ ದಾರಿಯ ಹಳ್ಳಿ ನಮ್ಮದು. ಅಪ್ಪ ಅಲ್ಲೇ ಕನ್ನಡ ಸಾಲಿ ಮಾಸ್ತರ. ನಮ್ಮ ಓಣಿಗೆ ಬಂದ ಮೊದಲನೇ ಕಾರು ಅದು. ನನ್ನ ಟ್ರಂಕು, ಹಾಸಿಗೆ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಎಲ್ಲಾ ಹೇರಿಕೊಂಡು ನನ್ನನ್ನು ಬಿಇ ಹಾಸ್ಟೆಲಿಗೆ ಬಿಟ್ಟು ಬಂದದ್ದೂ ಅದೇ ಗಾಡಿ. ತಂಗಿಯನ್ನು ರಾಮದುರ್ಗಕ್ಕೆ ಕೊಟ್ಟ ಮೇಲೆ ಅವಳನ್ನು ಕರಕೊಂಡು ಬರೋದು, ಬಿಟ್ಟು ಬರೋದು, ಎರಡೂ ಹೆರಿಗೆಗೆ ಓಡಿದ್ದು, ಎಲ್ಲಾ ಅದರಲ್ಲೇ.

ಈ ಸಲ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆವು. ಅವ್ವನ ಹರಕೆ. ಜೋಗುಳಬಾವಿ ದಾಟಿ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ಕೂತಿತು. ಬಾನೆಟ್ ತೆಗೆದರೆ ಉಗಿ. ಬದಿಗೆ ಹಾಕಿ ನಿಂತೆವು. ಗೆಜ್ಜೆ ಕಟ್ಟಿದ ಎತ್ತಿನ ಚಕ್ಕಡಿಗಳು ಒಂದರ ಹಿಂದೆ ಒಂದು "ಉಧೋ ಉಧೋ" ಅಂತ ನಮ್ಮನ್ನು ದಾಟಿಕೊಂಡು ಹೋದವು. ಒಬ್ಬ ಹಿರಿಯ ಚಕ್ಕಡಿ ಮೇಲಿಂದಲೇ ಕೇಳಿದ, "ಹಗ್ಗಾ ಒಗೀಲೇನ್ರೀ ಮಾಸ್ತರ?" ಅಪ್ಪ ನಕ್ಕ. ನಾನು ನಗಲಿಲ್ಲ. ನನಗೆ ಆಗ ತಲೆಯಲ್ಲಿ ಓಡುತ್ತಿದ್ದದ್ದು ಹೊಸ ಕಾರಿನ ಬಣ್ಣ.

ಬೆಳಗಾವಿಯ ಒಂದು ದೊಡ್ಡ ಗ್ಯಾರೇಜಿಗೆ ಹಾಕಿದೆವು. ಏಸಿ ಹಾಲಿನಲ್ಲಿ ಕೂರಿಸಿ, ಕಾಫಿ ಕೊಟ್ಟು, 94,000ದ ಎಸ್ಟಿಮೇಟ್ ಕೈಗಿಟ್ಟರು. ಅದರ ಜೊತೆಗೇ "ಸರ್, ಇದಕ್ಕೆ ಹಾಕೋ ಬದಲು..." ಅಂತ ಎಕ್ಸ್‌ಚೇಂಜ್ ಆಫರಿನ ಕಾಗದ. ಯಾವ ಭಾಗ ಯಾಕೆ ಬದಲಾಯಿಸಬೇಕು ಅಂತ ಕೇಳಿದರೆ "ಗಾಡಿ ಹಳೇದು ಸರ್" ಅನ್ನೋದೇ ಉತ್ತರ. ಬೈಲಹೊಂಗಲದ ಮೇಸ್ತ್ರಿ ಗಾಡಿ ಕೆಳಗೆ ಅರ್ಧ ತಾಸು ಮಲಗಿ ಎದ್ದು ಬಂದು ಹೇಳಿದ್ದು ಬೇರೆ. "ಇಂಜಿನ್ ಕಲ್ಲ ಇದ್ದಂಗ ಐತ್ರಿ. ರೇಡಿಯೇಟರ್ ಹೋಗೇತಿ, ಕ್ಲಚ್ ಪ್ಲೇಟ್ ಮುಗದೇತಿ, ಲೋವರ್ ಆರ್ಮ್ ಬುಷ್ ಹರದಾವು, ಬ್ರೇಕ್ ಸಿಲಿಂಡರ್ ಸೋರತೈತಿ, ಹಿಂದಿನ ಫ್ಲೋರಿಗೆ ಜಂಗ ಹಿಡದೇತಿ. ಟಾಯರ್ ಸುದ್ದಾ ಹಾಕಿದ್ರ ಐವತ್ತೆರಡು ಸಾವಿರ." ಒಂದೊಂದಕ್ಕೂ ಕೈ ಹಿಡಿದು ತೋರಿಸಿದ. ಬುಷ್ ಅಲ್ಲಾಡಿಸಿ, ಜಂಗಿನ ಮೇಲೆ ಸ್ಕ್ರೂಡ್ರೈವರ್ ಕುಟ್ಟಿ ಸದ್ದು ಕೇಳಿಸಿದ. ಇದನ್ನು ನಮ್ಮ ಭಾಷೆಯಲ್ಲಿ ರೂಟ್ ಕಾಸ್ ಅನಾಲಿಸಿಸ್ ಅಂತೀವಿ, ಅದಕ್ಕೆ ಮೀಟಿಂಗ್ ಕರೀತೀವಿ.

ಈಗ ಲೆಕ್ಕ. ನಮ್ಮವರೆಲ್ಲ ಹೇಳೋ ಸೂತ್ರ ಒಂದೇ: ರಿಪೇರಿ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಮಾರು. ಕೇಳೋಕೆ ಬುದ್ಧಿವಂತಿಕೆ ಅನ್ನಿಸುತ್ತೆ. ಆದರೆ ನಾನು ಗಾಡಿ ಮಾರೋಕೆ ಹೊರಟಿಲ್ಲವಲ್ಲ, ಅದರ ಮಾರುಕಟ್ಟೆ ಬೆಲೆ ನನಗೆ ಯಾಕೆ ಬೇಕು? ನನಗೆ ಬೇಕಾದ್ದು ಅಪ್ಪ-ಅವ್ವ ಇಲ್ಲಿಂದ ಅಲ್ಲಿಗೆ ಹೋಗೋದು. ಆ ಕೆಲಸಕ್ಕೆ ಹಳೇ ಗಾಡಿ ತಿಂಗಳಿಗೆ ಎಷ್ಟು ತಿನ್ನುತ್ತೆ, ಹೊಸದು ಎಷ್ಟು ತಿನ್ನುತ್ತೆ, ಅಷ್ಟೇ ಪ್ರಶ್ನೆ.

ಐದು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ ಅಂತ ಇಟ್ಟುಕೊಳ್ಳಿ. ಇಎಮ್‌ಐ 10,379 ರೂಪಾಯಿ. "ನೋಡಿ, ಐದು ಇಎಮ್‌ಐನಲ್ಲಿ ರಿಪೇರಿ ಮುಗೀತು" ಅಂತ ಹೇಳಿ ನಾನೂ ನಿಮಗೆ ಟೋಪಿ ಹಾಕಬಹುದಿತ್ತು. ಅದು ಸರಿಯಲ್ಲ, ಯಾಕೆಂದರೆ ಐದು ವರ್ಷ ಆದಮೇಲೆ ಹೊಸ ಕಾರಿಗೂ ಒಂದಿಷ್ಟು ಬೆಲೆ ಉಳಿದಿರುತ್ತೆ. ವಿಮೆಯ ಲೆಕ್ಕದಲ್ಲೇ ಐದನೇ ವರ್ಷಕ್ಕೆ ಕಾರಿನ ಬೆಲೆಯಲ್ಲಿ ಶೇ 50 ಕಳೀತಾರೆ. ಅಂದರೆ ಸವಕಳಿ ಎರಡೂವರೆ ಲಕ್ಷ, ಬಡ್ಡಿ 1,23,000. ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 6,200. ಮೇಲೆ ಕರ್ನಾಟಕದ ರಸ್ತೆ ತೆರಿಗೆ, ಐದು ಲಕ್ಷದೊಳಗಿನ ಕಾರಿಗೂ ಶೇ 13. ಅದನ್ನು ಬಿಟ್ಟೇಬಿಡ್ತೀನಿ. ಹಳೇ ಗಾಡಿಗೆ ಹೊಸದಕ್ಕಿಂತ ತಿಂಗಳಿಗೆ 1,500 ಹೆಚ್ಚು ಖರ್ಚು ಅಂತ ಸೇರಿಸಿದರೂ, 52,000 ಹಾಕಿದ ಆಲ್ಟೊ ಹನ್ನೊಂದು-ಹನ್ನೆರಡು ತಿಂಗಳು ಓಡಿದರೆ ಹಾಕಿದ ದುಡ್ಡು ತಿರುಗಿ ಬಂತು. ಆಮೇಲೆ ಓಡಿದ್ದೆಲ್ಲ ಲಾಭ. ಅಪ್ಪ ವರ್ಷಕ್ಕೆ ಓಡಿಸೋದು ನಾಲ್ಕು ಸಾವಿರ ಕಿಲೋಮೀಟರ್. ಸಂತೆ, ಸೊಸೈಟಿ, ಸೊಗಲ, ಗುಡ್ಡ, ತಂಗಿ ಮನೆ. ಅಷ್ಟಕ್ಕೆ ಐದು ಲಕ್ಷದ ಸಾಲ!

ನಮ್ಮ ಕಸುಬಿನಲ್ಲೂ ಇದೇ ರೋಗ ಇದೆ ಅಂತ ಓದುತ್ತಿರೋ ಎಂಜಿನಿಯರುಗಳಿಗೆ ಗೊತ್ತು. ಹಳೇ ಕೋಡ್ ಕೈಗೆ ಬಂತೋ, "ಇದು ಗಬ್ಬೆದ್ದಿದೆ, ಮೊದಲಿನಿಂದ ಬರೆಯೋಣ." 1997ರಲ್ಲಿ 4ನೇ ಆವೃತ್ತಿ ತಂದ ನೆಟ್‌ಸ್ಕೇಪ್, ಎಲ್ಲಾ ಹೊಸದಾಗಿ ಬರೆಯೋಕೆ ಕೂತು, 6ನೆಯದನ್ನು ಹೊರಗೆ ತರುವಷ್ಟರಲ್ಲಿ 2000 ಮುಗಿಯುತ್ತಾ ಬಂದಿತ್ತು. ಅಷ್ಟೊತ್ತಿಗೆ ಮಾರುಕಟ್ಟೆ ಕೈಬಿಟ್ಟಿತ್ತು. ಹಳೇ ಕೋಡಿನ ಪ್ರತಿ ವಿಕಾರದ ಹಿಂದೆ ಯಾರೋ ರಾತ್ರಿ ಎರಡು ಗಂಟೆಗೆ ಸರಿ ಮಾಡಿದ ಒಂದು ತಪ್ಪು ಇರುತ್ತೆ. ಹಳೇ ಗಾಡಿಯದೂ ಹಂಗೇ. ಅಪ್ಪನ ಹತ್ತಿರ 2008ರಿಂದ ಒಂದು ಡೈರಿ ಇದೆ. ಹಾಕಿಸಿದ ಪ್ರತಿ ಬಲ್ಬು, ಪ್ರತಿ ಲೀಟರ್ ಆಯಿಲ್ಲು, ತಾರೀಖು, ಕಿಲೋಮೀಟರ್, ಕೊಟ್ಟ ರೊಕ್ಕ. ನಾವು ಬರೆಯೋ ಕಮಿಟ್ ಮೆಸೇಜುಗಳಿಗಿಂತ ಎಷ್ಟೋ ಚೆಂದ.

ಆ ಡೈರಿಯ ಬೆಲೆ ಗೊತ್ತಾದದ್ದು "ಸೆಕೆಂಡ್ ಹ್ಯಾಂಡ್ ತಗೊಳ್ಳಿ" ಅನ್ನೋ ಮೂರನೇ ಸಲಹೆ ಬಂದಾಗ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿದ್ದನ್ನು ನೋಡಿದೋರು ನಾವು. ಹೊಳಿ ನೀರು ಕುಡಿದ ಗಾಡಿ ಪಾಲಿಶ್ ಮಾಡಿಸಿಕೊಂಡು ಹೊಸ ಸೀಟ್ ಕವರ್ ತೊಟ್ಟು ನಿಂತರೆ ಗುರುತು ಹಿಡಿಯೋರು ಯಾರು? ಅಪರಿಚಿತ ಗಾಡಿಯ ಗುಟ್ಟಿನ ರೋಗಕ್ಕಿಂತ ಪರಿಚಯದ ಗಾಡಿಯ ಐದು ರೋಗ ವಾಸಿ.

ಇನ್ನು ಹೆದರಿಕೆಯ ವ್ಯಾಪಾರ. "15 ವರ್ಷ ಆದ ಗಾಡಿ ಸರ್ಕಾರ ಎತ್ತಿಕೊಂಡು ಹೋಗ್ತದಂತ" ಅನ್ನೋ ವಾಟ್ಸಾಪ್ ಮೆಸೇಜು ನಮ್ಮ ಭಾಗದ ಪ್ರತಿ ಫೋನಿನಲ್ಲೂ ತಿರುಗುತ್ತಿದೆ. ಅಪ್ಪ ಎರಡು ಸಲ ಫೋನ್ ಮಾಡಿ ಕೇಳಿದ. ಅದು ದಿಲ್ಲಿ ಸುತ್ತಲಿನ ಕಥೆ: ಹಸಿರು ನ್ಯಾಯಮಂಡಳಿ ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳನ್ನು ತಡೆಯಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮಲ್ಲಿ ಖಾಸಗಿ ಕಾರಿಗೆ ಅಂಥಾ ವಯಸ್ಸಿನ ನಿಷೇಧ ಇಲ್ಲ. 15 ವರ್ಷ ತುಂಬಿದ ಮೇಲೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಿ, ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ನಾವು 2023ರಲ್ಲಿ ಮಾಡಿಸಿದ್ದೇವೆ. ಇದರಲ್ಲೂ ಸರ್ಕಾರದ ಕೈಚಳಕ ನೋಡಿ: 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಅಂದರು. ಹಸಿರು ತೆರಿಗೆ ಬೇರೆ. ಗಾಡಿ ಪರೀಕ್ಷೆಯಲ್ಲಿ ಪಾಸಾಗಿದೆ ಅಂತ ನೀವೇ ಸರ್ಟಿಫಿಕೇಟ್ ಕೊಟ್ಟ ಮೇಲೆ ವಯಸ್ಸಿಗೆ ದಂಡ ಯಾಕೆ? ಹೊಗೆ ಅಳೆಯಿರಿ, ಬ್ರೇಕ್ ಅಳೆಯಿರಿ, ಫೇಲಾದರೆ ಗುಜರಿಗೆ ಕಳಿಸಿ. ಹುಟ್ಟಿದ ತಾರೀಖು ನೋಡಿ ದುಡ್ಡು ಕೀಳೋದು ಯಾವ ಪರಿಸರ ಕಾಳಜಿ? ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡೋ ಆಲ್ಟೊ ಕೆಟ್ಟದ್ದು, ಮಾರತ್ತಹಳ್ಳಿ ಸಿಗ್ನಲ್‌ನಲ್ಲಿ ಒಬ್ಬನೇ ಕೂತು ದಿನಾ ಎರಡು ತಾಸು ಉರಿಸೋ ಹೊಸ ಎಸ್‌ಯುವಿ ಹಸಿರು. (ಆ ಎರಡನೆಯವರ ಪೈಕಿ ನಾನೂ ಒಬ್ಬ. ಇನ್ನೂ 14 ಇಎಮ್‌ಐ ಬಾಕಿ.)

ಪೆಟ್ರೋಲಿನದೂ ಒಂದು ತಮಾಷೆ. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ ಇ20. ಮೈಲೇಜ್ ಸ್ವಲ್ಪ ಇಳಿಯುತ್ತೆ, ಹಳೇ ಗಾಡಿಯ ಕೆಲವು ರಬ್ಬರ್ ಭಾಗ ಬೇಗ ಬದಲಾಯಿಸಬೇಕಾಗಬಹುದು ಅಂತ ಸರ್ಕಾರವೇ ಒಪ್ಪಿದೆ. ಮಲಪ್ರಭೆ ದಂಡೆಯಲ್ಲಿ ಕಬ್ಬು ಬೆಳೆದು ಕಾರ್ಖಾನೆಗೆ ಕಳಿಸೋರು ನಾವೇ; ಎಥನಾಲಿಗೆ ಬೇಡಿಕೆ ಬಂದರೆ ಖುಷಿ ಪಡೋರೂ ನಾವೇ. ಅದೇ ಕಬ್ಬು ತಿರುಗಿ ಬಂದು ನಮ್ಮ ಗಾಡಿಯ ಪೈಪ್ ತಿನ್ನುತ್ತೆ. ಮೇಸ್ತ್ರಿಗೆ ಹೇಳಿ ಫ್ಯುಯೆಲ್ ಹೋಸುಗಳನ್ನು ಇ20 ತಡೆಯುವಂಥವು ಹಾಕಿಸಿದೆ. ಜಾಸ್ತಿ ಏನಿಲ್ಲ, ಎರಡು ಸಾವಿರದೊಳಗೆ ಮುಗೀತು.

ಇಷ್ಟು ಹೊತ್ತು ಜೋರಾಗಿ ಮಾತಾಡಿದೆ. ಆದರೆ ಒಂದು ಪ್ರಶ್ನೆಗೆ ನನ್ನ ಹತ್ತಿರ ಜೋರು ಉತ್ತರ ಇಲ್ಲ. ಕೇಳಿದ್ದು ನನ್ನ ಹೆಂಡತಿ: "ಗುದ್ದಿದರೆ?" ಆಲ್ಟೊದಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಈ ದೇಶದಲ್ಲಿ ಚಾಲಕನ ಬದಿಗೆ ಏರ್‌ಬ್ಯಾಗ್ ಕಡ್ಡಾಯ ಆದದ್ದೇ 2019ರ ಜುಲೈನಲ್ಲಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂತು. ನಮ್ಮದು ಅವಕ್ಕಿಂತ ಹಳೇದು. ಎಷ್ಟೇ ವೆಲ್ಡಿಂಗ್ ಮಾಡಿಸಿದರೂ ಇದು ರಿಪೇರಿ ಆಗೋ ವಿಷಯ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ, ಆರು ಏರ್‌ಬ್ಯಾಗಿನ ಕಾರು ನಮ್ಮಂಥೋರ ಕೈಗೆ ಎಟುಕುತ್ತೆ. "ಮಾರಿಬಿಡು" ಅನ್ನೋರು ಈ ಒಂದು ಕಾರಣ ಮುಂದಿಟ್ಟಿದ್ದರೆ ನಾನು ಸೋಲುತ್ತಿದ್ದೆ. ಆದರೆ ಊಟದ ಟೇಬಲಿನಲ್ಲಿ ಒಬ್ಬನೂ ಅದನ್ನು ಎತ್ತಲಿಲ್ಲ. ಅಲ್ಲಿ ಬಂದದ್ದು ಸನ್‌ರೂಫು, ಟಚ್ ಸ್ಕ್ರೀನು, "ಅಂಕಲ್‌ಗೂ ಒಂದು ಲೆವೆಲ್ ಇರುತ್ತಲ್ವಾ."

ಲೆವೆಲ್ ಅಂದಾಗ ನೆನಪಾಯಿತು. ನನ್ನ ಮದುವೆ ಬೆಳಗಾವಿಯಲ್ಲಿ ಆಯಿತು. ಆಫೀಸಿನೋರು ಬೆಂಗಳೂರಿಂದ ಬಂದಿದ್ದರು. ಮಂಟಪದ ಮುಂದೆ ಆಲ್ಟೊ ನಿಂತಿತ್ತು, ಚೆಂಡುಹೂವಿನ ಮಾಲೆ ಹಾಕಿ ಅಪ್ಪ ಬೆಳಗಿನ ಜಾವವೇ ತಂದು ನಿಲ್ಲಿಸಿದ್ದ. ನಾನು ಅಪ್ಪನ ಕಿವಿಯಲ್ಲಿ ಹೇಳಿದೆ: "ಗಾಡಿ ಹಿಂದ ಹಚ್ಚಿ ಬಾ." ಯಾಕೆ ಅಂತ ಅವನು ಕೇಳಲಿಲ್ಲ. ಜೇಬಿನಿಂದ ಕೀಲಿ ತೆಗೆದುಕೊಂಡು ಹೋಗಿ ಅಡುಗೆಮನೆ ಬಾಗಿಲ ಹತ್ತಿರ, ಪಾತ್ರೆ ಟೆಂಪೋದ ಬಾಜು ಹಚ್ಚಿ ಬಂದ. ಹಾಗಾಗಿ ಗುಡ್ಡದ ಏರಿನಲ್ಲಿ ಉಗಿ ಏಳುವಾಗ ನನಗೆ ಹೊಸ ಕಾರು ಬೇಕು ಅನ್ನಿಸಿದ್ದು ಯಾರಿಗೋಸ್ಕರ ಅಂತ ನನಗೆ ಚೆನ್ನಾಗಿ ಗೊತ್ತು.

ಅಪ್ಪನಿಗೆ ಈಗ 71. ರಾತ್ರಿ ಓಡಿಸೋದಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿದ್ದೇನೆ. ಈ ಗಾಡಿಯ ಕ್ಲಚ್ಚು ಎಲ್ಲಿ ಹಿಡಿಯುತ್ತೆ, ಯಾವ ಗುಂಡಿಗೆ ಎಷ್ಟು ನಿಧಾನ ಮಾಡಬೇಕು ಅನ್ನೋದು ಅವನ ಕಾಲಿಗೆ ಗೊತ್ತಿದೆ. ಈ ವಯಸ್ಸಿನಲ್ಲಿ ಕೈಗೆ ಹೊಸ ಗಾಡಿ ಕೊಟ್ಟು, ಇದು ಸೇಫ್ ಅಂತ ಅಂದುಕೊಂಡು ಬೆಂಗಳೂರಿನಲ್ಲಿ ನಿದ್ದೆ ಮಾಡೋದೂ ಒಂದು ಭ್ರಮೆಯೇ.

ಹೀಗಾಗಿ ರಿಪೇರಿ ಮಾಡಿಸಿದೆ. ಮೊದಲು ಬ್ರೇಕು, ಟಯರು, ಬುಷ್ಷು, ಆಮೇಲೆ ರೇಡಿಯೇಟರ್, ಕ್ಲಚ್ಚು, ಕೊನೆಗೆ ಜಂಗು. ಹನ್ನೊಂದು ದಿನ ಹಿಡೀತು. ಹೋಸು ಸೇರಿ ಬಿಲ್ಲು 53,800. ಪೇಂಟ್ ಮಾಡಿಸಲಿಲ್ಲ, ಸ್ಟೀರಿಯೊ ಹಾಕಿಸಲಿಲ್ಲ. ಹಿಂದಿನ ಸೀಟಿನ ಬೆಲ್ಟುಗಳು ಸೀಟಿನ ಸಂದಿಯಲ್ಲಿ ಹೂತು ಹೋಗಿದ್ದವು, ಎಳೆದು ತೆಗೆಸಿದೆ. ಇನ್ನು ಮೇಲೆ ಇಂಜಿನ್ ಬಿಚ್ಚುವ ಕೆಲಸ ಬಂದರೆ, ಅಥವಾ ಜಂಗು ಫ್ಲೋರಿನಿಂದ ಚಾಸಿಸ್ಸಿನ ಕಡೆ ಹೋಗಿದೆ ಅಂತ ಮೇಸ್ತ್ರಿ ಹೇಳಿದರೆ, ಅಲ್ಲಿಗೆ ನಿಲ್ಲಿಸ್ತೀನಿ. 2028ರ ಮಾರ್ಚ್‌ಗೆ ನೋಂದಣಿ ಮುಗಿಯುತ್ತೆ, ಆಗ ಮತ್ತೊಮ್ಮೆ ಲೆಕ್ಕ ಹಾಕ್ತೀನಿ.

ಒಂದು ಕರಾರು ಮಾತ್ರ ಹಾಕಿದ್ದೇನೆ. ಊರ ಸುತ್ತ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಓಡಿಸಲಿ. ಕಿತ್ತೂರಿನ ಹತ್ತಿರ ಹೈವೇ ಹತ್ತೋದು ಬೇಡ; ಬೆಳಗಾವಿಗೆ ಹೋಗೋದಿದ್ದರೆ ಬಸ್ಸು, ಇಲ್ಲಾ ಬಾಡಿಗೆ ಗಾಡಿ, ರೊಕ್ಕ ನಾನು ಕಳಿಸ್ತೀನಿ ಅಂತ. ಮೊನ್ನೆ ಫೋನಿನಲ್ಲಿ ಇದನ್ನು ಮೂರನೇ ಸಲ ಹೇಳಿದೆ. ಅಪ್ಪ ಆಗ ಡೈರಿಯಲ್ಲಿ ಬಿಲ್ಲು ಬರೆದುಕೊಳ್ಳುತ್ತಿದ್ದ, ಹೋಸಿನ ರೇಟು ಎಷ್ಟಂದಿ ಅಂತ ಕೇಳಿದ. ಹೈವೇದು ಏನಂದಿ ಅಂತ ನಾನು ಮತ್ತೆ ಕೇಳಿದೆ.

"ನೋಡೂಣಂತ," ಅಂದ.